ಜ್ವರ ಬಂದು ಕಿವಿ ಕೇಳಿಸ್ತಿಲ್ಲ, ಎಣ್ಣೆ ಬಿಡಬಹುದಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ):
ಡಾಕ್ಟ್ರೇ, ನಮಸ್ಕಾರ. ನಮ್ಮ ಅಪ್ಪಯ್ಯನಿಗೆ 58 ವರ್ಷ, ಅಡಿಕೆ ತೋಟ ನೋಡಿಕೊಳ್ತಾರೆ. ಎಂಟು ದಿನದಿಂದ ಜ್ವರ, ವಿಪರೀತ ತಲೆನೋವು. ಇಲ್ಲೇ ಒಂದು ಕಡೆ ವಿಡಾಲ್ ಟೆಸ್ಟ್ ಮಾಡಿ, ‘ಸ್ವಲ್ಪ ಟೈಫಾಯ್ಡ್ ಇದೆ’ ಅಂತ ಮಾತ್ರೆ ಕೊಟ್ಟರು. ಜ್ವರ ಇಳಿದಿಲ್ಲ. ಮೊನ್ನೆ ಬೆಳಗ್ಗೆ ಏಳುವಾಗ ಎಡಗಿವಿ ಪೂರಾ ಮುಚ್ಚಿದ ಹಾಗಾಗಿದೆ, ಬಲಗಿವಿಯೂ ಮಂದ. ಒಳಗೆ ಗುಂಯ್ ಅನ್ನುತ್ತಂತೆ. ಅಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡೋಣ ಅಂತಾರೆ. ಗುಗ್ಗೆ ಇರಬಹುದಾ?

ಉತ್ತರ (ಇಎನ್‌ಟಿ ವೈದ್ಯರು, ಶಿವಮೊಗ್ಗ):
ಎಣ್ಣೆ ಬೇಡ. ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿಸಿ. ಅಪ್ಪಯ್ಯ ಬಾಯಿ ಮುಚ್ಚಿ ‘ಮ್‌ಮ್‌’ ಅಂತ ಗುನುಗಲಿ. ಸದ್ದು ಯಾವ ಕಿವಿಯಲ್ಲಿ ಜಾಸ್ತಿ ಕೇಳುತ್ತೆ ಅಂತ ಕೇಳಿ. ಇನ್ನೊಂದು, ಜ್ವರ ಬರೋ ಮುಂಚೆ ಪೊದೆ, ಹುಲ್ಲಿನಲ್ಲಿ ಕೆಲಸ ಮಾಡಿದ್ರಾ?

ಪ್ರಶ್ನೆ ಕೇಳಿದವರು:
ಬಲಗಿವಿಯಲ್ಲಿ ಕೇಳುತ್ತಂತೆ. ಎರಡು ವಾರದ ಕೆಳಗೆ ಬ್ಯಾಣದಲ್ಲಿ (ತೋಟದ ಹತ್ತಿರದ ಹುಲ್ಲುಗಾವಲು) ಕಳೆ ಹೊಡೆಸಿದ್ವಿ, ಅವರೂ ಇದ್ರು.

ಉತ್ತರ:
ಗುಗ್ಗೆ ಕಟ್ಟಿದ್ದರೆ ಸದ್ದು ಕೇಳದ ಕಿವಿ ಕಡೆಗೇ ವಾಲುತ್ತೆ. ಬೆರಳಿಂದ ನಿಮ್ಮ ಒಂದು ಕಿವಿ ಮುಚ್ಚಿ ಗುನುಗಿ ನೋಡಿ, ಗೊತ್ತಾಗುತ್ತೆ. ಚೆನ್ನಾಗಿರೋ ಕಿವಿಗೆ ವಾಲಿದ್ರೆ ತೊಂದರೆ ಒಳಕಿವಿಯದ್ದೋ ನರದ್ದೋ ಇರಬಹುದು. ಇದು ಕಾಯಬಾರದ ವಿಷಯ.

ಹೀಗೆ ದಿಢೀರ್ ಕಿವುಡಾದ ಹೆಚ್ಚಿನವರಲ್ಲಿ ಕಾರಣವೇ ಸಿಗೋದಿಲ್ಲ. ಸ್ಟೀರಾಯ್ಡ್ ಕೊಡ್ತೀವಿ, ಅದೂ ಎರಡು ವಾರದೊಳಗೆ ಶುರುವಾದರೆ ಒಳ್ಳೇದು. ಆದರೆ ಜ್ವರ, ತಲೆನೋವು, ಕಳೆ ಹೊಡೆದ ಬ್ಯಾಣ ಎಲ್ಲಾ ಸೇರಿದಾಗ ನನಗೆ ಸ್ಕ್ರಬ್ ಟೈಫಸ್ ನೆನಪಾಗುತ್ತೆ. ಹೆಸರು ಹತ್ತಿರ ಇದ್ದರೂ ಟೈಫಾಯ್ಡ್‌ಗೂ ಇದಕ್ಕೂ ಸಂಬಂಧ ಇಲ್ಲ. ಪೊದೆಯಲ್ಲಿರೋ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿ ಬರೋ ಬ್ಯಾಕ್ಟೀರಿಯಾ ಕಾಯಿಲೆ. ಕಚ್ಚಿದ ಆರರಿಂದ 21 ದಿನದಲ್ಲಿ ಜ್ವರ ಕಾಣಿಸುತ್ತೆ. ಕೆಲವರಿಗೆ ಕಿವಿಯೂ ಹೋಗುತ್ತೆ. ಇನ್ನು ವಿಡಾಲ್ ‘ಸ್ವಲ್ಪ ಪಾಸಿಟಿವ್’ ಅನ್ನೋದನ್ನ ನಾನು ಅಷ್ಟಾಗಿ ನಂಬಲ್ಲ. ನಮ್ಮ ಕಡೆ ಯಾವ ಜ್ವರಕ್ಕೆ ಮಾಡಿದರೂ ಅದು ಹಾಗೇ ಬರಬಹುದು.

ಈಗಲೇ ಟಾರ್ಚ್ ಹಿಡಿದು ಮೈ ಪೂರ್ತಿ ನೋಡಿ. ಕಂಕುಳು, ತೊಡೆಸಂದು, ಸೊಂಟದ ಉಡಿದಾರದ ಜಾಗ, ಬೆನ್ನು. ನುಸಿಮರಿ ಕಚ್ಚಿದ ಜಾಗದಲ್ಲಿ ಬೀಡಿಯಲ್ಲಿ ಸುಟ್ಟ ಹಾಗೆ ಕಪ್ಪು ಹಕ್ಕಳೆ, ಸುತ್ತ ಕೆಂಪು ಇರಬಹುದು. ನೋವೂ ಇಲ್ಲ, ತುರಿಕೆಯೂ ಇಲ್ಲ, ಅದಕ್ಕೇ ಯಾರೂ ಹೇಳಲ್ಲ. ಕಾಣದಿದ್ದರೂ ನಾಳೆ ಬೆಳಗ್ಗೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಬನ್ನಿ. ಮಂಪರು, ಕುತ್ತಿಗೆ ಬಿಗಿತ, ಉಸಿರಾಟದ ತೊಂದರೆ ಇದ್ದರೆ ಈಗಲೇ ಹೊರಡಿ.

ಇನ್ನೊಬ್ಬ ಸದಸ್ಯರು (ಸಾಗರ):
ಸರ್, ಇದು ಮಂಗನ ಕಾಯಿಲೆ ಇರಬಾರದಾ?

ಉತ್ತರ:
ಒಳ್ಳೇ ಪ್ರಶ್ನೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಕಾಯಿಲೆ ಅದು. ಅದನ್ನೂ ಪರೀಕ್ಷೆ ಮಾಡಿಸಬೇಕು. ಆದರೆ ಅದು ಉಣುಗಿನಿಂದ ಬರೋ ವೈರಸ್, ಅದಕ್ಕೆಂದೇ ಔಷಧಿ ಇಲ್ಲ. ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್ ಇದೆ, ಕಡಿಮೆ ಬೆಲೆಯ ಹಳೇ ಮಾತ್ರೆ. ಗರ್ಭಿಣಿಯರಿಗೆ ಅಜಿಥ್ರೋಮೈಸಿನ್. ಹಾಗಂತ ಮೆಡಿಕಲ್ ಶಾಪಿಗೆ ಹೋಗಿ ನೀವೇ ತಗೊಂಡು ನುಂಗಬೇಡಿ.

ಪ್ರಶ್ನೆ ಕೇಳಿದವರು (ಅದೇ ರಾತ್ರಿ):
ಎಡಗಂಕುಳ ಒಳಗೆ ಇದೆ ಡಾಕ್ಟ್ರೇ. ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದು. ಯಾವುದೋ ಮುಳ್ಳು ತರಚಿದ್ದು ಅಂದ್ಕೊಂಡಿದ್ರಂತೆ.

ಉತ್ತರ:
ಹಾಗಿದ್ರೆ ಅಲ್ಲಿ ಮೊದಲು ಆ ಕಲೆಯನ್ನೇ ತೋರಿಸಿ, ಕಿವಿ ಆಮೇಲೆ. ಸ್ಕ್ರಬ್ ಟೈಫಸ್ ಪತ್ತೆಗೆ ಐಜಿಎಂ ಎಲಿಸಾ ಅನ್ನೋ ರಕ್ತಪರೀಕ್ಷೆ ಮಾಡ್ತಾರೆ. ಡಾಕ್ಸಿ ಕೊಟ್ಟರೆ ದೊಡ್ಡ ಲೋಟ ನೀರಲ್ಲಿ ಕುಡಿಸಿ, ಕೂಡಲೇ ಮಲಗಿಸಬೇಡಿ, ಅನ್ನನಾಳದಲ್ಲಿ ಹುಣ್ಣಾಗಬಹುದು. ಕಿವಿ ಎಷ್ಟು ಕೇಳುತ್ತೆ ಅನ್ನೋ ಪರೀಕ್ಷೆಯನ್ನೂ (ಆಡಿಯೋಗ್ರಾಂ) ಮಾಡಿಸಿ, ಮುಂದೆ ಹೋಲಿಸೋಕೆ ಬೇಕು.

ಪ್ರಶ್ನೆ ಕೇಳಿದವರು (ಮೂರು ವಾರದ ನಂತರ):
ಸ್ಕ್ರಬ್ ಟೈಫಸ್ಸೇ. ಮಾತ್ರೆ ಶುರುವಾಗಿ ಎರಡನೇ ದಿನಕ್ಕೆ ಜ್ವರ ಬಿಡ್ತು. ಬಲಗಿವಿ ಮೊದಲಿನ ಹಾಗಾಗಿದೆ. ಈಗ ಜಗಲಿಯಲ್ಲಿ ಕೂತೇ ಕುಕ್ಕರ್ ಎಷ್ಟು ಕೂಗ್ತು ಅಂತ ಎಣಿಸ್ತಾರೆ. ಫೋನನ್ನ ಮಾತ್ರ ಎಡಗಿವಿಗೆ ಇಡಲ್ಲ.

ಉತ್ತರ:
ಸಂತೋಷ. ಎಡಗಿವಿಗೆ ಇನ್ನೂ ಸಮಯ ಇದೆ. ಹಳೇ ರಿಪೋರ್ಟ್ ಹಿಡ್ಕೊಂಡು ಬನ್ನಿ, ಮತ್ತೊಮ್ಮೆ ಆಡಿಯೋಗ್ರಾಂ ಮಾಡೋಣ. ಬ್ಯಾಣಕ್ಕೆ ಹೋಗೋದಾದರೆ ತುಂಬುತೋಳಿನ ಅಂಗಿ, ಗಂಬೂಟು ಹಾಕಲಿ.