ಅಪ್‌ಡೇಟ್: ಕ್ಯಾಲ್ಕುಲಸ್ ಬಿಡಲಿಲ್ಲ

ಕಳೆದ ತಿಂಗಳು ಕೇಳಿದ್ದೆನಲ್ಲ, ಮೊದಲ ವರ್ಷದ ಕ್ಯಾಲ್ಕುಲಸ್ ತಲೆಗೆ ಹತ್ತುತ್ತಿಲ್ಲ, ಲೈಬ್ರರಿಯಲ್ಲಿ ಪುಸ್ತಕ ಸಿಗುತ್ತಿಲ್ಲ, ಯಾರನ್ನಾದ್ರೂ ಕೇಳೋಣ ಅಂದ್ರೆ ಕ್ಯಾಂಪಸ್‌ನಲ್ಲಿ ಪರಿಚಯದವರೂ ಇಲ್ಲ, ಈ ವಿಷಯ ಬಿಟ್ಟುಬಿಡಲಾ ಅಂತ. ಬಿಡಲಿಲ್ಲ.

ಪುಸ್ತಕದ ಚಿಂತೆ ಒಂದೇ ದಿನದಲ್ಲಿ ಮುಗಿಯಿತು. ನೀವು ಹೇಳಿದ ಹಾಗೆ ರೈಸ್ ವಿಶ್ವವಿದ್ಯಾಲಯದ ಪಠ್ಯಪುಸ್ತಕಗಳ ವೆಬ್‌ಸೈಟ್ ಓಪನ್‌ಸ್ಟ್ಯಾಕ್ಸ್‌ನಲ್ಲಿ ನೋಡಿದೆ, ಕ್ಯಾಲ್ಕುಲಸ್‌ನ 3 ಸಂಪುಟಗಳೂ ಪೂರ್ತಿ ಉಚಿತ. ಎಂಐಟಿ ವಿಶ್ವವಿದ್ಯಾಲಯದ ಪಾಠಗಳ ವೆಬ್‌ಸೈಟ್ ಓಪನ್‌ಕೋರ್ಸ್‌ವೇರ್‌ನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು ಉತ್ತರದ ಸಮೇತ ಇವೆ, ಲಾಗಿನ್ ಕೂಡ ಬೇಡ.

ಆದರೆ ಜಾಸ್ತಿ ಸಹಾಯ ಆಗಿದ್ದು ನಮಗೆ ಕ್ಯಾಲ್ಕುಲಸ್ ಕಲಿಸುವ ಮೇಡಂ ಡೌಟು ಕೇಳೋಕೆ ಬಿಟ್ಟಿರುವ ಸಮಯ, ಅಂದ್ರೆ ಅವರ ಆಫೀಸ್ ಅವರ್ಸ್‌ನಿಂದ. ಎರಡು ವಾರ ಬಾಗಿಲ ತನಕ ಹೋಗಿ ಸುಮ್ನೆ ವಾಪಸ್ ಬಂದಿದ್ದೆ, ಅಷ್ಟು ಭಯ. ಮೂರನೇ ವಾರ ಒಳಗೆ ಹೋದೆ. ಅವರು ನನ್ನ ನೋಟ್‌ಬುಕ್ ತಿರುವಿ, ಕಾಸ್ 3ಎಕ್ಸ್‌ನ ಡೆರಿವೇಟಿವ್ ಬರೆದಿದ್ದ ಕಡೆ ಪೆನ್ಸಿಲ್‌ನಲ್ಲಿ ಒಂದು ಸುತ್ತು ಹಾಕಿದರು. ಮೈನಸ್ ಸೈನ್ 3ಎಕ್ಸ್ ಅಂತ ಬರೆದು ನಿಲ್ಲಿಸಿದ್ದೆ, ಒಳಗಿನ 3 ಹೊರಗೆ ಬಂದೇ ಇರಲಿಲ್ಲ. ಒಳಗಿನದರ ಡೆರಿವೇಟಿವ್‌ನಿಂದಲೂ ಗುಣಿಸಬೇಕು ಅನ್ನೋ ಚೈನ್ ರೂಲ್ ಮರೆತಿದ್ದೆ! ಹಿಂದಿನ ಆರು ಲೆಕ್ಕದಲ್ಲೂ ಅದೇ ತಪ್ಪು.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರಿಗೂ ಅದೇ ಡೌಟು. ಈಗ ಮೂವರೂ ಶನಿವಾರ ಲೈಬ್ರರಿಯಲ್ಲಿ ಒಟ್ಟಿಗೆ ಕೂರುತ್ತೇವೆ. ಟೆಸ್ಟ್ ಪಾಸಾದೆ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಂದಿನ ವಾರ ಇಂಟಿಗ್ರೇಷನ್ ಶುರು, ಮತ್ತೆ ಬರುತ್ತೇನೆ.