360 ಜಿಬಿ ನಾಟಕದ ವಿಡಿಯೊ ಹುಬ್ಬಳ್ಳಿಗೆ ಕಳಿಸಬೇಕು, ದಾರಿ ಹೇಳಿ

ಪ್ರಶ್ನೆ, ಗುಬ್ಬಿ ತಾಲ್ಲೂಕಿನಿಂದ:
ಊರಿನ ಪೌರಾಣಿಕ ನಾಟಕ ರಾತ್ರಿಯಿಂದ ಬೆಳಗಿನವರೆಗೆ ಎರಡು ಕ್ಯಾಮೆರಾದಲ್ಲಿ ಶೂಟ್ ಆಗಿದೆ. ತಲಾ 8 ಗಂಟೆ, ಒಟ್ಟು 360 ಜಿಬಿ. ಎಡಿಟರ್ ಇರುವುದು ಹುಬ್ಬಳ್ಳಿಯಲ್ಲಿ. ಮನೆಗೆ 100 ಎಂಬಿಪಿಎಸ್ ಫೈಬರ್ ಇದೆ. ಗೂಗಲ್ ಡ್ರೈವ್ ಬಿಟ್ಟಿ ಕೊಡುವ 15 ಜಿಬಿ ಯಾವ ಮೂಲೆಗೂ ಸಾಲದು. ಬ್ರೌಸರ್‌ನಲ್ಲಿ ಅಪ್‌ಲೋಡ್‌ಗೆ ಇಟ್ಟರೆ ಕರೆಂಟ್ ಹೋದಾಗ ಮತ್ತೆ ಮೊದಲಿಂದ ಶುರು. ಕ್ವಾಲಿಟಿ ಕೆಡದಂತೆ ಇಂಟರ್ನೆಟ್‌ನಲ್ಲೇ ಕಳಿಸಲು ಏನು ಮಾಡಬೇಕು? ಗೊತ್ತಿರುವವರು ವಿವರವಾಗಿ ಹೇಳಿ.

ಬ್ರಾಡ್‌ಬ್ಯಾಂಡ್ ಕೆಲಸ, ತುಮಕೂರು:
ಸಾಫ್ಟ್‌ವೇರ್ ಆಮೇಲೆ ಹುಡುಕೋಣ, ಮೊದಲು ಲೆಕ್ಕ ಹಾಕಿ. ಪ್ಲಾನ್‌ನಲ್ಲಿ ಬರೆದಿರುವುದು ಮೆಗಾಬಿಟ್, ಫೈಲ್ ಅಳತೆ ಇರುವುದು ಬೈಟ್‌ನಲ್ಲಿ. 8ರಿಂದ ಭಾಗಿಸಬೇಕು. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ. ನಿಮ್ಮ 360 ಜಿಬಿಗೆ 8 ಗಂಟೆ, ಅಡೆತಡೆ ಸೇರಿ 9 ಅಂತ ಇಟ್ಟುಕೊಳ್ಳಿ. ಆದರೆ ಇದು ಅಪ್‌ಲೋಡ್ ಕೂಡ 100 ಇದ್ದರೆ ಮಾತ್ರ. ಸ್ಪೀಡ್ ಟೆಸ್ಟ್ ಮಾಡಿ ಅಪ್‌ಲೋಡ್ ಅಂಕಿ ನೋಡಿ. 40 ಬಂದರೆ 20 ಗಂಟೆ, 10 ಬಂದರೆ 80 ಗಂಟೆ.

ಟೆಸ್ಟ್ ವೈಫೈನಲ್ಲಿ ಬೇಡ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಒಂದು ಗೋಡೆ ಅಡ್ಡ ಬಂದರೂ ಲೈನಿನ ಅರ್ಧ ವೇಗವೂ ಸಿಗದಿರಬಹುದು. ರೌಟರ್‌ನಿಂದ ನೇರ ಲ್ಯಾನ್ ಕೇಬಲ್ ಹಾಕಿ. ವಿಂಡೋಸ್‌ನಲ್ಲಿ ಲಿಂಕ್ ಸ್ಪೀಡ್ 1000 ತೋರಿಸಬೇಕು. 100 ತೋರಿಸಿದರೆ ಕೇಬಲ್‌ನ ಎಂಟು ತಂತಿಯಲ್ಲಿ ಒಂದು ತುಂಡಾಗಿರಬಹುದು, ಅಥವಾ ರೌಟರ್ ಪೋರ್ಟೇ ಅಷ್ಟರದ್ದು. ನಿಮ್ಮ ಪ್ಲಾನ್‌ಗೆ ಅದೂ ನಡೆಯುತ್ತೆ. 10 ತೋರಿಸಿದರೆ ಮಾತ್ರ ಕೇಬಲ್ ಬದಲಿಸಿಯೇ ಮುಂದಿನ ಮಾತು.

ಕರೆಂಟ್ ವಿಷಯ: ಫೈಬರ್ ಪೆಟ್ಟಿಗೆ ಮತ್ತು ರೌಟರ್ ಹೆಚ್ಚಾಗಿ 12 ವೋಲ್ಟ್‌ನವು, ಮಿನಿ ಯುಪಿಎಸ್ ಸಾಕು. ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಸರಿಯಾಗಿ ಹೊಂದಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು. ಆದರೂ ಪೂರ್ತಿ ನಂಬಬೇಡಿ. ನಿಮ್ಮ ಮನೆಯಲ್ಲಿ ಬ್ಯಾಕಪ್ ಇದ್ದು, ಹಳ್ಳಿಗೆ ಲೈನ್ ಕೊಡುವ ಆಪರೇಟರ್ ಪೆಟ್ಟಿಗೆಗೆ ಬ್ಯಾಕಪ್ ಇಲ್ಲದಿದ್ದರೆ ಬೆಸ್ಕಾಂ ಲೈನ್ ಜೊತೆಗೆ ನೆಟ್ಟೂ ಹೋಗುತ್ತೆ. ಹಾಗಾಗಿ ನಿಂತಲ್ಲಿಂದ ಮುಂದುವರಿಯುವ ವಿಧಾನವನ್ನೇ ಹಿಡಿಯಿರಿ.

ಸ್ಟುಡಿಯೊ, ಚಿಂತಾಮಣಿ:
ಜಿಪ್ ಮಾಡಿದರೆ ಚಿಕ್ಕದಾಗುತ್ತೆ ಅಂತ ಯಾರಾದರೂ ಹೇಳಿದರೆ ಆ ಗೋಜಿಗೆ ಹೋಗಬೇಡಿ. ಕ್ಯಾಮೆರಾದ ವಿಡಿಯೊ ಆಗಲೇ ಸಂಕುಚಿತವಾಗಿರುತ್ತೆ, ಗಂಟೆಗಟ್ಟಲೆ ಜಿಪ್ ಮಾಡಿ ಉಳಿಯುವುದು ಏನೂ ಇಲ್ಲ. ವಾಟ್ಸಾಪ್, ಬಿಟ್ಟಿ ಟೆಲಿಗ್ರಾಂ ಎರಡಕ್ಕೂ ಫೈಲಿಗೆ 2 ಜಿಬಿ ಮಿತಿ. ತುಣುಕು ಕಳಿಸುವುದಿದ್ದರೂ ಡಾಕ್ಯುಮೆಂಟ್ ಆಗಿಯೇ ಕಳಿಸಿ, ವಿಡಿಯೊ ಅಂತ ಕಳಿಸಿದರೆ ಕ್ವಾಲಿಟಿ ಕೆಡುತ್ತೆ.

ಸಿಸ್ಟಂ ಅಡ್ಮಿನ್, ಕೋಲಾರ:
ನಿಮ್ಮ ಕೆಲಸಕ್ಕೆ ಸಿಂಕ್‌ಥಿಂಗ್ ಸರಿ, ಎರಡು ಕಂಪ್ಯೂಟರಿನ ಫೋಲ್ಡರ್‌ಗಳನ್ನು ಒಂದೇ ರೀತಿ ಇಡುವ ಸಾಫ್ಟ್‌ವೇರ್ ಅದು. ಉಚಿತ. ನಡುವೆ ಯಾರ ಸರ್ವರ್‌ನಲ್ಲೂ ಫೈಲ್ ಉಳಿಯುವುದಿಲ್ಲ, ನಿಮ್ಮ ಕಂಪ್ಯೂಟರಿಂದ ಅವರ ಕಂಪ್ಯೂಟರಿಗೆ ಗೂಢಲಿಪಿಯಲ್ಲಿ ಹೋಗುತ್ತೆ. ಫೈಲನ್ನು ಸಣ್ಣ ಬ್ಲಾಕ್‌ಗಳಾಗಿ ಒಡೆದು ಒಂದೊಂದನ್ನೂ ತಾಳೆ ನೋಡುತ್ತೆ. ಕರೆಂಟ್ ಹೋಗಿ ಬಂದರೆ ಬಾಕಿ ಬ್ಲಾಕ್‌ಗಳಷ್ಟೇ ಹೋಗುತ್ತವೆ.

ಎರಡೂ ಕಡೆ ಇನ್‌ಸ್ಟಾಲ್ ಮಾಡಿ. ಬ್ರೌಸರ್‌ನಲ್ಲಿ 127.0.0.1:8384 ತೆರೆದರೆ ಅದರ ಪುಟ ಬರುತ್ತೆ. ಆಕ್ಷನ್ಸ್‌ನಲ್ಲಿ ಶೋ ಐಡಿ ಒತ್ತಿದರೆ ಏಳೇಳು ಅಕ್ಷರದ ಎಂಟು ಗುಂಪಿನ ಉದ್ದ ಐಡಿ ಸಿಗುತ್ತೆ. ಎಡಿಟರ್ ಐಡಿಯನ್ನು ನೀವು ರಿಮೋಟ್ ಡಿವೈಸ್ ಆಗಿ ಸೇರಿಸಿ, ಅವರು ಅಲ್ಲಿ ಒಪ್ಪಲಿ. ಆಮೇಲೆ ಫುಟೇಜ್ ಫೋಲ್ಡರ್ ಸೇರಿಸಿ, ಶೇರಿಂಗ್‌ನಲ್ಲಿ ಅವರ ಹೆಸರಿಗೆ ಟಿಕ್ ಹಾಕಿ. ಈ ಒಂದು ಹೆಜ್ಜೆ ಮರೆಯಬೇಡಿ: ನಿಮ್ಮ ಕಡೆ ಫೋಲ್ಡರ್ ಟೈಪ್ ಸೆಂಡ್ ಓನ್ಲಿ, ಅವರ ಕಡೆ ರಿಸೀವ್ ಓನ್ಲಿ. ಹಾಗೇ ಬಿಟ್ಟರೆ ಅದು ಎರಡೂ ದಿಕ್ಕಿನ ಸಿಂಕ್. ಅವರು ಜಾಗ ಮಾಡಲು ಒಂದು ಫೈಲ್ ಅಳಿಸಿದರೆ ನಿಮ್ಮಲ್ಲೂ ಅಳಿಸಿಹೋಗುತ್ತೆ.

ಶುರುವಿನಲ್ಲಿ ಸ್ಕ್ಯಾನಿಂಗ್ ಅಂತ ತೋರಿಸುತ್ತಾ ಕೂರುತ್ತೆ, ಹೆದರಬೇಡಿ. ಸೆಕೆಂಡಿಗೆ 100 ಎಂಬಿ ಓದುವ ಹಾರ್ಡ್ ಡಿಸ್ಕ್ ಆದರೆ 360 ಜಿಬಿಗೆ ಒಂದು ಗಂಟೆ. ಡಿಸ್ಕನ್ನು ಹಳೆಯ ಯುಎಸ್‌ಬಿ 2 ಪೋರ್ಟಿಗೆ ಚುಚ್ಚಿದ್ದರೆ ಮೂರು ಗಂಟೆ ಹಿಡಿಯಬಹುದು. ಅಪ್‌ಲೋಡ್ ವೇಗಕ್ಕೆ ಮಿತಿ ಹಾಕಿ, ಲೈನ್ 100 ಇದ್ದರೆ ಸೆಕೆಂಡಿಗೆ 10,000 ಕೆಐಬಿ (ಸುಮಾರು 10 ಎಂಬಿ) ಸಾಕು. ಲೈನನ್ನು ತುದಿವರೆಗೆ ತುಂಬಿಸಿದರೆ ಡೌನ್‌ಲೋಡ್‌ಗೆ ಬೇಕಾದ ಸಣ್ಣ ಉತ್ತರಗಳೂ ಸರದಿಯಲ್ಲಿ ಸಿಕ್ಕಿಕೊಳ್ಳುತ್ತವೆ, ಮನೆಯವರ ಫೋನಿನಲ್ಲಿ ವಿಡಿಯೊ ಕಾಲ್ ತಡವರಿಸುತ್ತೆ. ಎರಡೂ ಕಂಪ್ಯೂಟರ್ ಒಂದೇ ಹೊತ್ತಿನಲ್ಲಿ ಚಾಲೂ ಇರಬೇಕು. ಸ್ಲೀಪ್ ನೆವರ್‌ಗೆ ಇಡಿ, ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿದರೆ ಏನಾಗಬೇಕು ಅನ್ನುವ ಸೆಟ್ಟಿಂಗನ್ನೂ ಬದಲಿಸಿ.

ಪ್ರಶ್ನೆ ಕೇಳಿದವರು:
ಹಾಕಿದೆ. ಕನೆಕ್ಷನ್ ಟೈಪ್‌ನಲ್ಲಿ ರಿಲೇ ಅಂತ ಬರುತ್ತಿದೆ, ವೇಗ 1 ಎಂಬಿ ದಾಟುತ್ತಿಲ್ಲ.

ಸಿಸ್ಟಂ ಅಡ್ಮಿನ್, ಕೋಲಾರ:
ನೇರ ದಾರಿ ಸಿಗದೆ ಯಾರೋ ದಾನವಾಗಿ ನಡೆಸುವ ರಿಲೇ ಸರ್ವರ್ ಮೂಲಕ ಹೋಗುತ್ತಿದೆ ಅಂತ ಅರ್ಥ. ರೌಟರ್‌ನ ವ್ಯಾನ್ ಐಪಿ, ಅಂದರೆ ಕಂಪನಿ ನಿಮ್ಮ ರೌಟರ್‌ಗೆ ಕೊಟ್ಟ ವಿಳಾಸ ನೋಡಿ. 100.64ರಿಂದ 100.127ರ ಒಳಗೆ ಶುರುವಾದರೆ ಕಂಪನಿ ಒಂದೇ ವಿಳಾಸವನ್ನು ಹಲವು ಮನೆಗೆ ಹಂಚಿದೆ, ಹೊರಗಿನಿಂದ ನಿಮ್ಮನ್ನು ನೇರ ಮುಟ್ಟಲು ಆಗುವುದಿಲ್ಲ. ಎರಡೂ ರೌಟರ್‌ನಲ್ಲಿ ಐಪಿವಿ6 (ಹೊಸ ಬಗೆಯ ವಿಳಾಸ, ಹಂಚಿಕೊಳ್ಳುವ ಅಗತ್ಯ ಇಲ್ಲದ್ದು) ಆನ್ ಮಾಡಿ, ವಿಂಡೋಸ್ ಫೈರ್‌ವಾಲ್‌ನಲ್ಲಿ ಸಿಂಕ್‌ಥಿಂಗ್‌ಗೆ ಅನುಮತಿ ಕೊಡಿ. ಬಹಳ ಸಲ ಅಷ್ಟಕ್ಕೇ ರಿಲೇ ಹೋಗಿ ಟಿಸಿಪಿ ಅಥವಾ ಕ್ವಿಕ್ ಅಂತ, ಅಂದರೆ ನೇರ ಸಂಪರ್ಕಕ್ಕೆ ಬದಲಾಗುತ್ತೆ. ಇಬ್ಬರಲ್ಲಿ ಒಬ್ಬರಿಗೆ ಪಬ್ಲಿಕ್ ಐಪಿ (ಯಾರ ಜೊತೆಗೂ ಹಂಚದ ಸ್ವಂತ ವಿಳಾಸ) ಇದ್ದರೂ ಸಾಕು, ಅವರ ರೌಟರ್‌ನಲ್ಲಿ 22000 ಪೋರ್ಟ್ ತೆರೆದರೆ ಕೆಲಸ ಆಗುತ್ತೆ.

ಸ್ಟುಡಿಯೊ, ಚಿಂತಾಮಣಿ:
ಅದೂ ಆಗದಿದ್ದರೆ ಡ್ರೈವ್‌ನಲ್ಲಿ 2 ಟಿಬಿ ಪ್ಲಾನನ್ನು ಒಂದು ತಿಂಗಳಿಗೆ ತೆಗೆದುಕೊಳ್ಳಿ. ದಿನಕ್ಕೆ 750 ಜಿಬಿವರೆಗೆ ಹಾಕಬಹುದು. ಬ್ರೌಸರ್ ಬಿಟ್ಟು ಡ್ರೈವ್‌ನ ಡೆಸ್ಕ್‌ಟಾಪ್ ಆ್ಯಪ್ ಬಳಸಿ. ಎಡಿಟರ್ ಪೂರ್ತಿ ಫೋಲ್ಡರ್ ಡೌನ್‌ಲೋಡ್ ಒತ್ತಬಾರದು, ಗೂಗಲ್ ಅದನ್ನು ಹಲವು ಜಿಪ್ ತುಂಡು ಮಾಡಿ ಕೊಡುತ್ತೆ, ಒಂದು ತುಂಡು ಕೈಕೊಟ್ಟರೂ ತಲೆನೋವು. ಅವರೂ ಡೆಸ್ಕ್‌ಟಾಪ್ ಆ್ಯಪ್‌ನಲ್ಲೇ ಇಳಿಸಿಕೊಳ್ಳಲಿ.

ವಿಡಿಯೊ ಎಡಿಟರ್, ತಿಪಟೂರು:
360 ಜಿಬಿಯೂ ಹುಬ್ಬಳ್ಳಿಗೆ ಹೋಗಲೇಬೇಕಾ ಅಂತ ಯಾರೂ ಕೇಳಲಿಲ್ಲ. ನಿಮ್ಮಲ್ಲಿ ಸುಮಾರಾದ ಕಂಪ್ಯೂಟರ್ ಇದ್ದರೆ ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗೆ ಸಾಲುವಷ್ಟು ಕ್ವಾಲಿಟಿಯ ಹಗುರ ಪ್ರತಿ ಮಾಡಿ ಕಳಿಸಿ. 720ಪಿ, 4 ಎಂಬಿಪಿಎಸ್ ಇಟ್ಟರೆ ಗಂಟೆಗೆ 1.8 ಜಿಬಿ, 16 ಗಂಟೆಗೆ 29 ಜಿಬಿ ಒಳಗೇ ಮುಗಿಯಿತು. ಅಪ್‌ಲೋಡ್ 100 ಇದ್ದರೆ ಮುಕ್ಕಾಲು ಗಂಟೆಯ ಕೆಲಸ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರಾಕ್ಸಿ ಮಾಡುವ ಸೌಲಭ್ಯ ಒಳಗೇ ಇದೆ. ಎಡಿಟರ್ ಅದರ ಮೇಲೆ ಕಟ್ ಮಾಡಿ ಪ್ರಾಜೆಕ್ಟ್ ಫೈಲ್ ಮಾತ್ರ ವಾಪಸ್ ಕಳಿಸುತ್ತಾರೆ. ಆ ಫೈಲ್ ಪುಟ್ಟದು. ನೀವು ಅದನ್ನು ಮೂಲ ಫುಟೇಜಿಗೆ ಜೋಡಿಸಿ ಗುಬ್ಬಿಯಲ್ಲೇ ರೆಂಡರ್ ಕೊಡಿ. ಕ್ವಾಲಿಟಿ ಮೂಲದ್ದೇ.

ಕೆಡುವುದು ಎಲ್ಲಿ ಅಂದರೆ ಫ್ರೇಮ್ ರೇಟ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದರಲ್ಲಿ. ಕ್ಯಾಮೆರಾ 25 ಇದ್ದರೆ ಪ್ರಾಕ್ಸಿಯೂ 25 ಇರಬೇಕು. ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೊ ಪರಿವರ್ತಕದಲ್ಲಿ ಮಾಡುವವರು ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಲೇಬೇಕು. ಇಲ್ಲದಿದ್ದರೆ ಮೊದಲ ಅಂಕದಲ್ಲಿ ಸರಿ ಇದ್ದದ್ದು ನಡುರಾತ್ರಿ ಹೊತ್ತಿಗೆ ಜಾರಿ, ಹಾರ್ಮೋನಿಯಂ ಒಂದು ಕಡೆ, ಪಾತ್ರಧಾರಿಯ ತುಟಿ ಇನ್ನೊಂದು ಕಡೆ ಆಗುತ್ತೆ. ಫೈಲ್ ಹೆಸರು, ಆಡಿಯೊ ಟ್ರ್ಯಾಕ್‌ಗಳ ಸಂಖ್ಯೆ ಮೂಲದಂತೆಯೇ ಇರಲಿ, ರಿಸಾಲ್ವ್ ಆವೃತ್ತಿ ಎರಡೂ ಕಡೆ ಒಂದೇ ಇರಲಿ.

ಬ್ರಾಡ್‌ಬ್ಯಾಂಡ್ ಕೆಲಸ, ತುಮಕೂರು:
ಪ್ರಾಕ್ಸಿ ಸಲಹೆಗೆ ನನ್ನ ಓಟು. ಅಪ್‌ಲೋಡ್ ಟೆಸ್ಟ್‌ನಲ್ಲಿ 10 ಮಾತ್ರ ಬಂದು, ಮೂಲ ಫುಟೇಜೇ ಬೇಕು ಅಂತ ಎಡಿಟರ್ ಹಟ ಹಿಡಿದರೆ ಮಾತ್ರ ಹಾರ್ಡ್ ಡಿಸ್ಕಿನ ಮಾತು. ತುಮಕೂರಿನಿಂದ ಕೆಎಸ್‌ಆರ್‌ಟಿಸಿ ನಮ್ಮ ಕಾರ್ಗೋ 80 ಗಂಟೆಗಿಂತ ಬೇಗ ಮುಟ್ಟುತ್ತೆ. ಹಾಗೆ ಕಳಿಸುವುದಾದರೆ ಮೂಲ ಬೇಡ, ಪ್ರತಿ ಕಳಿಸಿ. ಡಿಸ್ಕಿನ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರಲಿ. ಫ್ಯಾಟ್32 ಆದರೆ 4 ಜಿಬಿ ಮೀರಿದ ಫೈಲ್ ಹಿಡಿಯುವುದೇ ಇಲ್ಲ, ಎಡಿಟರ್ ಕಡೆಯ ಡಿಸ್ಕಿಗೂ ಇದೇ ಮಾತು.

ಸಿಸ್ಟಂ ಅಡ್ಮಿನ್, ಕೋಲಾರ:
ಕಾರ್ಡ್ ಫಾರ್ಮ್ಯಾಟ್ ಮಾಡುವ ಮುಂಚೆ ತಾಳೆ ನೋಡಿ. ಸಿಂಕ್‌ಥಿಂಗ್ ತಾನೇ ನೋಡಿಕೊಳ್ಳುತ್ತೆ, ಎರಡೂ ಕಡೆ ಅಪ್ ಟು ಡೇಟ್ ಅಂತ ಬಂದರೆ ಆಯಿತು. ಡ್ರೈವ್ ಅಥವಾ ಡಿಸ್ಕ್ ಮೂಲಕ ಹೋಗಿದ್ದರೆ 7-ಜಿಪ್ ಹಾಕಿಕೊಂಡು ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಸಿಆರ್‌ಸಿ ಎಸ್‌ಎಚ್‌ಎ ಅನ್ನುವಲ್ಲಿ ಎಸ್‌ಎಚ್‌ಎ-256 ಆರಿಸಿ. 64 ಅಕ್ಷರದ ಸಾಲು ಬರುತ್ತೆ, ಅದು ಆ ಫೈಲಿನ ಬೆರಳಚ್ಚು ಇದ್ದಂತೆ. ಎಡಿಟರ್ ಕಡೆಯೂ ಹಾಗೇ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಲಿ. ಹೊಂದದ ಫೈಲ್ ಒಂದನ್ನೇ ಮತ್ತೆ ಕಳಿಸಿದರೆ ಸಾಕು. ನಿಮ್ಮ ಕ್ಯಾಮೆರಾ 4 ಜಿಬಿಗೊಂದು ಫೈಲ್ ತುಂಡರಿಸುವ ಮಾದರಿಯಾದರೆ 100 ಎಂಬಿಪಿಎಸ್‌ನಲ್ಲಿ ಅದು ಆರು ನಿಮಿಷದೊಳಗಿನ ಕೆಲಸ.