ಅಪ್‌ಡೇಟ್: ಹೆರಿಗೆ ಆಯ್ತು, ಮಗು ನನ್ನ ರೂಮಿನಲ್ಲೇ ಇತ್ತು

ಕೊರೊನಾ ನಿರ್ಬಂಧದ ನಡುವೆ ಹೆರಿಗೆಗೆ ಹೋದರೆ ಗಂಡನನ್ನು ಒಳಗೆ ಬಿಡ್ತಾರಾ, ನನಗೆ ಪಾಸಿಟಿವ್ ಬಂದರೆ ಮಗುವನ್ನು ಬೇರೆ ಇಡ್ತಾರಾ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಹೆದರಿದ್ದೇ ಆಯ್ತು. ಜ್ವರ, ಕೆಮ್ಮು ಏನೂ ಇಲ್ಲ, ಆದರೂ ಅಡ್ಮಿಟ್ ಆಗುವಾಗ ಮಾಡಿದ ಟೆಸ್ಟ್ ಪಾಸಿಟಿವ್. ಗಂಡನನ್ನು ಬಿಟ್ಟರು. ಆದರೆ ಒಳಗೆ ಬಂದವರು ಹೊರಗೆ ಹೋಗುವಂತಿರಲಿಲ್ಲ, ಅಮ್ಮನ ಜೊತೆ ಪಾಳಿ ಬದಲಿಸುವಂತಿರಲಿಲ್ಲ. ಅಮ್ಮ ಮೊಮ್ಮಗಳನ್ನು ನೋಡಿದ್ದು ವಿಡಿಯೋ ಕಾಲಿನಲ್ಲೇ.

ಹೆರಿಗೆಯಾದ ಕೂಡಲೇ ಮಗುವನ್ನು ಬೇರೆ ವಾರ್ಡಿಗೆ ಒಯ್ಯುವ ಮಾತು ಬಂತು. ಮಕ್ಕಳ ಡಾಕ್ಟರ್ ಒಪ್ಪಲಿಲ್ಲ, ಪುಣ್ಯ! ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ತಾಯಿ ಮಗುವನ್ನು ಜೊತೆಗಿಡಿ, ಎದೆಹಾಲು ಕೊಡಿಸಿ ಎಂದಿತ್ತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಆ ವರ್ಷ ಏಪ್ರಿಲ್‌ನಲ್ಲಿ ಬೇರೆ ಇಡಿ ಎಂದು ಹೇಳಿ, ಜುಲೈನಲ್ಲಿ ಸಲಹೆ ಬದಲಿಸಿತು. ಕೆಲವರು ಇನ್ನೂ ಏಪ್ರಿಲ್‌ನಲ್ಲೇ ಇದ್ದಾರೆ, ಅಲ್ವಾ?

ಪ್ರತಿ ಸಲ ಹಾಲು ಕೊಡುವ ಮೊದಲು ಸೋಪು ಹಾಕಿ ಕೈ ತೊಳೆಯಬೇಕು, ಮಾಸ್ಕ್ ಬಿಗಿ ಮಾಡಬೇಕು. ಮಗು ಪಾಪ, ಹಾಲು ಹುಡುಕುವಾಗ ಮಾಸ್ಕಿನ ದಾರ ಹಿಡಿದು ಎಳೆಯೋದು. ಕುಡಿದಾದ ಮೇಲೆ ಸ್ವಲ್ಪ ದೂರದ ತೊಟ್ಟಿಲಿಗೆ. ಮಗುವಿಗೆ ಮಾತ್ರ ಮಾಸ್ಕ್, ಫೇಸ್ ಶೀಲ್ಡ್ ಹಾಕಬೇಡಿ, ಉಸಿರು ಕಟ್ಟಬಹುದು.

ಮಗಳ ಕೊರೊನಾ ಟೆಸ್ಟ್ ಎರಡು ಸಲವೂ ನೆಗೆಟಿವ್.

ಬೇಗ ಡಿಸ್ಚಾರ್ಜ್ ಮಾಡಿದರೆ ಹುಷಾರು. ಹುಟ್ಟಿದ ಮಗುವಿಗೆ ಬರುವ ಕಾಮಾಲೆ ಸಾಮಾನ್ಯವಾಗಿ ಮೂರರಿಂದ ಐದನೇ ದಿನದೊಳಗೆ ಜಾಸ್ತಿಯಾಗೋದು. ಅಷ್ಟರಲ್ಲಿ ನೀವು ಮನೆಯಲ್ಲಿರ್ತೀರಿ. ಮತ್ತೆ ತೋರಿಸುವ ದಿನ, ಲಸಿಕೆ, ಹಿಮ್ಮಡಿಯ ರಕ್ತಪರೀಕ್ಷೆ (ಹುಟ್ಟಿನಿಂದ ಬರುವ ಕಾಯಿಲೆ ಇದೆಯಾ ಎಂದು ಮಗುವಿನ ಹಿಮ್ಮಡಿ ಚುಚ್ಚಿ ನೋಡೋದು) ಎಲ್ಲಾ ಹೊರಡುವ ಮೊದಲೇ ಬರೆಸಿಕೊಳ್ಳಿ.